ಕಟಕಟ ನಿಂತ ಮೇಲೆ

ಸುಮ್ಮನೆ ಕೂರುವುದು ಟೀಚರಮ್ಮನ ಜಾಯಮಾನವಲ್ಲ. ನಿವೃತ್ತಿಯಾದ ತಿಂಗಳೊಳಗೇ, ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಕಳಿಸುವ ಕೆಲಸ ಹಚ್ಚಿಕೊಂಡರು. ಮೆಟ್ಟಿಲ ಕೆಳಗಿನ ಕೋಣೆಯ ಗೋಡೆಗೆಲ್ಲ ಹಳೆಯ ಕಂಬಳಿ ಹೊದಿಸಿ ಅದನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಅವರು ಓದುವಷ್ಟು ಹೊತ್ತು ಯಜಮಾನರು ಕೆಮ್ಮುವಂತಿಲ್ಲ, ಲೋಟ ಬೀಳಿಸುವಂತಿಲ್ಲ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿ ಗಂಟಲು ಹರಿದುಕೊಂಡ ಮನುಷ್ಯ ಈಗ ಬೆಕ್ಕಿನ ಹೆಜ್ಜೆ ಕಲಿತಿದ್ದರು.

ಒಂದು ಬೆಳಿಗ್ಗೆ ಕೇಳುಗರೊಬ್ಬರು ಫೋನ್ ಮಾಡಿದರು. "ತುಂಬಾ ಚೆನ್ನಾಗಿ ಓದ್ತೀರಮ್ಮಾ. ಆದ್ರೆ ಹಿಂದೆ ಯಾರೋ ಹಲ್ಲು ಕಡೀತಿರ್ತಾರಲ್ಲ, ಯಾರದು?"

ಟೀಚರಮ್ಮ ಗಂಡನತ್ತ ಕಣ್ಣು ಬಿಟ್ಟರು.

"ನನ್ನ ಹಲ್ಲು ಲೋಟದಲ್ಲಿರುತ್ತೆ ಕಣೇ, ಕಡಿಯೋದು ಎಲ್ಲಿಂದ?" ಎಂದರು ಯಜಮಾನರು.

ಇಬ್ಬರೂ ಬಗ್ಗಿ ಕಿವಿಗೊಟ್ಟರು. ಕಟಕಟ ಎನ್ನುತ್ತಿದ್ದುದು ಕಂಪ್ಯೂಟರಿನೊಳಗಿನ ಹಾರ್ಡ್ ಡಿಸ್ಕ್.

ಪೆಟ್ಟಿಗೆಯನ್ನು ಹೊತ್ತು ರಿಪೇರಿ ಅಂಗಡಿಗೆ ಹೋದರು. ಅಂಗಡಿ ನಡೆಸುವವಳು ಟೀಚರಮ್ಮನ ಹಳೆಯ ವಿದ್ಯಾರ್ಥಿನಿ. "ಇದರೊಳಗೆ ತಿರುಗೋ ತಟ್ಟೆ ಇದೆ ಟೀಚರ್, ಅದಕ್ಕೆ ವಯಸ್ಸಾಗಿದೆ. ಎಸ್‌ಎಸ್‌ಡಿ ಅಂತ ಹೊಸ ಥರದ ಡ್ರೈವ್ ಬಂದಿದೆ, ಅದನ್ನ ಹಾಕೋಣ. ಅದರಲ್ಲಿ ತಿರುಗೋದು ಏನೂ ಇಲ್ಲ, ಸದ್ದೆಲ್ಲಿಂದ ಬರಬೇಕು?"

"ಹಾಗಾದ್ರೆ ಇರೋದ್ರಲ್ಲೇ ದೊಡ್ಡದು ಹಾಕಮ್ಮ," ಎಂದರು ಯಜಮಾನರು.

"ಇಬ್ಬರು ಹೋಗೋಕೆ ಇಡೀ ಬಸ್ಸು ಯಾಕ್ರೀ?" ಎಂದು ಟೀಚರಮ್ಮ ಗದರಿದರು.

ಇದುವರೆಗೆ ತುಂಬಿದ್ದು ಮುನ್ನೂರು ಜಿಬಿ. ಐನೂರರದ್ದು ಇನ್ನು ಮೂರು ವರ್ಷಕ್ಕೇ ತುಂಬುತ್ತದೆ, ಕಂಠಮಟ್ಟ ತುಂಬಿದರೆ ಈ ಡ್ರೈವ್ ಕುಂಟತೊಡಗುತ್ತದೆ ಎಂದಳು ಹುಡುಗಿ. ಯಜಮಾನರಿಗೆ ಥಟ್ಟನೆ ಅರ್ಥವಾಯಿತು. "ತುಂಬಿದ ಬಸ್ಸಲ್ಲಿ ಟಿಕೆಟ್ ಕೊಡೋಕೆ ಕಾಲಿಡೋಕೂ ಜಾಗ ಇರ್ತಿರಲಿಲ್ಲ, ಹಾಗೇ ಅನ್ನು!" ಕೊನೆಗೆ ಒಂದು ಟಿಬಿಗೆ, ಅಂದರೆ ಸಾವಿರ ಜಿಬಿಗೆ, ಒಪ್ಪಂದವಾಯಿತು.

ಟೀಚರಮ್ಮನಿಗೆ ಇನ್ನೊಂದು ಅನುಮಾನ. "ಬರೆದೂ ಬರೆದೂ ಸವೆಯುತ್ತಂತಲ್ಲೇ?"

ಹುಡುಗಿ ಲೆಕ್ಕ ಹಾಕಿದಳು. "ಉಳಿಸಿದ್ದು, ಅಳಿಸಿದ್ದು, ಕಂಪ್ಯೂಟರ್ ತಾನೇ ಬರ್ಕೊಳ್ಳೋದು ಎಲ್ಲ ಸೇರಿ ದಿನಕ್ಕೆ ಹೆಚ್ಚಂದ್ರೆ ಹನ್ನೆರಡು ಜಿಬಿ. ಇದು ಆರುನೂರು ಟಿಬಿ ತಡೆಯುತ್ತೆ ಅಂತ ಮಾಡಿದವರ ಮಾತು. ಅಂದ್ರೆ ನೂರು ವರ್ಷ ದಾಟುತ್ತೆ."

"ನಾವು ಹೋದ್ಮೇಲೆ ಅದನ್ನ ನೋಡ್ಕೊಳ್ಳೋರು ಯಾರು ಪಾಪ," ಎಂದರು ಯಜಮಾನರು.

"ಲೆಕ್ಕ ಬೇರೆ, ಹಣೆಬರಹ ಬೇರೆ ಸಾರ್. ಹಳೇದು ಸಾಯೋ ಮುಂಚೆ ನರಳ್ತಿತ್ತು. ಇದು ಹೇಳದೆ ಕೇಳದೆ ಒಂದಿನ ಹೋಗಿಬಿಡಬಹುದು. ಇನ್ನೊಂದು ಪ್ರತಿ ಹೊರಗೆ ಇರಲೇಬೇಕು."

ಹಳೆಯದರಿಂದ ಹೊಸದಕ್ಕೆ ನಕಲು ಶುರುವಾಯಿತು. ಸಂಜೆಯ ಹೊತ್ತಿಗೆ ಎಲ್ಲವೂ ಬಂತು, ಮೂರು ಅಧ್ಯಾಯ ಬಿಟ್ಟು. ಸಮುದ್ರಯಾನದ ಕಾದಂಬರಿಯ ಕೊನೆಯ ಮೂರು, ಇನ್ನೂ ಕಳಿಸದೇ ಇದ್ದವು. ಹುಡುಗಿ ಏನೇನೋ ಮಾಡಿ ನೋಡಿದಳು. ಹಳೆಯ ಡಿಸ್ಕ್ ಜಪ್ಪಯ್ಯ ಅನ್ನಲಿಲ್ಲ. ಟೀಚರಮ್ಮನ ಮುಖ ಸಪ್ಪಗಾಯಿತು. ಎರಡು ವಾರದ ಕೆಲಸ ಅದು. ಪ್ರತಿ ಇಟ್ಟುಕೊಳ್ಳಲು ಹೊರಗಿನ ಡಿಸ್ಕೊಂದನ್ನೂ ಕೇಳಿ ತೆಗೆದುಕೊಂಡರು.

ಮರುದಿನ ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಕಳೆದುಹೋದ ಅಧ್ಯಾಯಗಳನ್ನು ಮತ್ತೆ ಓದಲು ಟೀಚರಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಪುಸ್ತಕ ಬಿಡಿಸಿದರು. ಎರಡು ಪುಟ ಕಳೆಯುವಷ್ಟರಲ್ಲಿ ಆ ಬೇಸರ ಎಲ್ಲಿ ಹೋಯಿತೋ! ಹೋದ ಸಲ ಮುಗಿದರೆ ಸಾಕೆಂದು ಓಡಿಸಿದ್ದರು. ಈಗ ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಬಿರುಗಾಳಿಯ ಸಾಲುಗಳನ್ನು ಪಿಸುಮಾತಿನಲ್ಲಿ ಓದುವ ಧೈರ್ಯ ಬಂತು. ಹಡಗು ವಾಲಿತು, ಅಡುಗೆಯವನು ಹಗ್ಗಕ್ಕೆ ಜೋತುಬಿದ್ದ. ಟೀಚರಮ್ಮ ಉಸಿರು ತೆಗೆದುಕೊಳ್ಳಲು ನಿಂತರು.

ಬಾಗಿಲಾಚೆ ಇನ್ನೊಂದು ಉಸಿರು ಕೇಳಿಸಿತು.

ತೆರೆದು ನೋಡಿದರೆ ಯಜಮಾನರು ಮೆಟ್ಟಿಲ ಮೇಲೆ ಕೂತಿದ್ದಾರೆ, ಕೈಯಲ್ಲಿ ಅರ್ಧ ಹೆಚ್ಚಿದ ಈರುಳ್ಳಿ.

"ಎಷ್ಟು ಹೊತ್ತಾಯ್ತು ಇಲ್ಲಿ ಕೂತು?"

"ಹಡಗು ಬಂದರು ಬಿಟ್ಟಾಗಿಂದ." ಕಣ್ಣೊರೆಸಿಕೊಂಡು, "ಈರುಳ್ಳಿ ಕಣೇ," ಎಂದರು. "ಆ ಅಡುಗೆಯವನು ಉಳೀತಾನಾ?"

ಈ ಕೆಲಸ ಶುರುವಾಗಿ ಐದು ವರ್ಷವಾದರೂ ಅವರು ಹೆಂಡತಿಯ ಓದನ್ನು ಒಮ್ಮೆಯೂ ಕೇಳಿರಲಿಲ್ಲ. ಸದ್ದು ಮಾಡದೆ ದೂರ ಇರುವುದಷ್ಟೇ ತಮ್ಮ ಪಾಲಿನ ಕೆಲಸ ಎಂದುಕೊಂಡಿದ್ದರು.

ಟೀಚರಮ್ಮ ಸೆರಗಿನಿಂದ ಸ್ಟೂಲಿನ ಧೂಳು ಒರೆಸಿ, ಕಂಬಳಿಯ ಪಕ್ಕಕ್ಕೆ ಎಳೆದರು. "ಬಂದು ಕೂತ್ಕೊಳ್ಳಿ. ಮಧ್ಯ ಬಾಯಿ ಹಾಕ್ಬಾರ್ದು."

ಆ ದಿನ ಮನೆಯಲ್ಲಿ ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಆಯಿತು.