ಛಾಯಾಬಾಯಿಯ ಇಲಿಗಳು ರಾತ್ರಿ ಉಣ್ಣುವುದಿಲ್ಲ

೧

ಈ ಕಥೆಯನ್ನು ಇಲಿಯಿಂದ ಶುರು ಮಾಡಬೇಕೋ ಹೆಂಡತಿಯಿಂದಲೋ ಎಂದು ಯೋಚಿಸುತ್ತ ಎರಡು ವಾರ ಕಳೆದೆ. ಇಲಿಯಿಂದ ಶುರು ಮಾಡಿದರೆ ನೀವು ಮಕ್ಕಳ ಕಥೆ ಎಂದುಕೊಂಡು ಪುಟ ಮಗುಚುತ್ತೀರಿ. ಹೆಂಡತಿಯಿಂದ ಶುರು ಮಾಡಿದರೆ ನಾನು ಅಳುತ್ತೇನೆ. ಅಳುವ ಲೇಖಕರನ್ನು ಕಂಡರೆ ನನಗೇ ಆಗುವುದಿಲ್ಲ. ಆದ್ದರಿಂದ ಇಲಿ.

ಮೊದಲ ಡ್ರಾಫ್ಟಿನ ಮೊದಲ ವಾಕ್ಯ ಹೀಗಿತ್ತು: "ಜಾಗತೀಕರಣದ ಬಿರುಗಾಳಿಗೆ ಸಿಕ್ಕ ಸಾಂಗಲಿ-ಮಿರಜಗಳ ಅಂತರಾತ್ಮದಲ್ಲಿ ಒಂದು ಬಿಳಿ ಇಲಿ ಓಡುತ್ತಿತ್ತು." ಓದಿ ನಾಚಿಕೆಯಾಯಿತು. ಹರಿದು ಹಾಕಿದೆ. (ಸುಳ್ಳು. ಮಡಚಿ ಇಟ್ಟಿದ್ದೇನೆ. ಇಂಥ ವಾಕ್ಯ ಜನ್ಮಕ್ಕೊಂದೇ ಸಲ ಬರುತ್ತದೆ.)

೨

ಹೆಂಡತಿಯನ್ನು ಎಷ್ಟು ಹೊತ್ತು ಹೊರಗೆ ನಿಲ್ಲಿಸಲಿ? ಬರಲಿ ಬಿಡಿ.

ಬಾಳವ್ವ. ವಯಸ್ಸು ಐವತ್ತಮೂರು. ಅಥಣಿ ಕಡೆಯವಳು, ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ನಾನು ಗುರುಸಿದ್ಧಪ್ಪ. ನಮ್ಮ ಮನೆತನದ್ದು ಸಾಂಗಲಿ ಪೇಟೆಯಲ್ಲಿ ಅರಿಶಿನ ವ್ಯಾಪಾರ. ಗಾದಿಯ ಮೇಲೆ ಕೂರಿಸಿದರೆ ನಾನು ಗಿರಾಕಿಗೆ ಅರಿಶಿನ ಬಿಟ್ಟು ಕಥೆ ಕಟ್ಟಿಕೊಡುತ್ತೇನೆಂದು ತಮ್ಮಂದಿರು ನನ್ನನ್ನು ಒಂದು ಫಾರ್ಮಸಿ ಕಾಲೇಜಿಗೆ ಕಾರಕೂನನಾಗಿ ಸೇರಿಸಿದರು. ಮರಾಠಿ ಊರಿನಲ್ಲಿ ಕುಳಿತು ಕನ್ನಡದಲ್ಲಿ ಬರೆಯುತ್ತೇನೆ. ನನ್ನ ಓದುಗರ ಒಟ್ಟು ಸಂಖ್ಯೆ ಒಂದು, ಅವಳೇ ಬಾಳವ್ವ.

ಅವಳಿಗೆ ಸಕ್ಕರೆ ಕಾಯಿಲೆ ಇದ್ದದ್ದು ಹಳೆಯ ಮಾತು. ಹೋದ ವರ್ಷ, ಅಂದರೆ ೨೦೦೭ರಲ್ಲಿ, ಅವಳು ನನ್ನ ಒಂದು ಕಥೆಯನ್ನು ಒಂದೇ ವಾರದಲ್ಲಿ ಮೂರು ಸಲ ಓದಿ ಮೂರು ಸಲವೂ ಹೊಸದೆಂಬಂತೆ ಮೆಚ್ಚಿಕೊಂಡಳು. ನನ್ನ ಕಥೆಯೇ ಹಾಗಿದೆ ಎಂದು ನಾನು ಉಬ್ಬಿಹೋದೆ! ಆಮೇಲೆ ಮಿರಜದ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಇದು ಅಲ್‌ಝೈಮರ್ ಇದ್ದಂತಿದೆ, ಇಷ್ಟು ಬೇಗ ಬರಬಾರದಿತ್ತು ಎಂದರು. ಹೊರಗೆ ಬಂದು ಅವಳಿಗೆ, ಶುಗರ್ ಸ್ವಲ್ಪ ಹೆಚ್ಚಾಗಿದೆಯಂತೆ ಎಂದೆ.

ಓದುಗರೇ, ಈ ಕಥೆಯಿಂದ ನನಗೆ ಬೇಕಾದದ್ದು ಇಷ್ಟೇ. ಬಾಳವ್ವನ ನೆನಪು ಉಳಿಯಬೇಕು. ಕಥೆ ಬರೆದರೆ ಅದು ಹೇಗೆ ಉಳಿಯುತ್ತದೆ ಎಂದು ಕೇಳಬೇಡಿ.

೩ (ವಿಜ್ಞಾನವಿದೆ. ಹೆದರುವವರು ಕಣ್ಣು ಮುಚ್ಚಿಕೊಂಡು ಓದಿ.)

ಸಾಂಗಲಿ-ಮಿರಜ ರಸ್ತೆಯಲ್ಲಿ ಮೊದಲು ಜೋಳ ಬೆಳೆಯುತ್ತಿದ್ದರು. ನಂತರ ಪ್ಲಾಟು ಬೆಳೆದವು, ಕಾರಿನ ಶೋರೂಮು ಬೆಳೆದವು, ನಡುವೆ ಎಲ್ಲೋ ನಮ್ಮ ಕಾಲೇಜೂ ಬೆಳೆಯಿತು. ಅದರ ಹಿಂದುಗಡೆ ಆನಿಮಲ್ ಹೌಸ್. ಅಲ್ಲಿ ಎಂಬತ್ತು ಇಲಿಗಳು, ಅಲ್‌ಝೈಮರ್‌ನಂಥ ಮರೆವು ಬರಲೆಂದೇ ಬೆಳೆಸಿದ ತಳಿ. ನಲವತ್ತು ಹೆಣ್ಣು ಒಂದು ಕೋಣೆಯಲ್ಲಿ, ನಲವತ್ತು ಗಂಡು ಇನ್ನೊಂದರಲ್ಲಿ. ಹೆಣ್ಣಿಲಿಗಳನ್ನು ನೋಡಿಕೊಳ್ಳುವವಳು ಛಾಯಾಬಾಯಿ. ಗಂಡಿಲಿಗಳನ್ನು ನೋಡಿಕೊಳ್ಳುವವನು ಗಂಗಾರಾಮ. ಇಡೀ ಪ್ರಯೋಗ ಮೃಣಾಲಳದು, ಪಿಎಚ್.ಡಿ. ಮಾಡುತ್ತಿರುವ ಹುಡುಗಿ, ಮನೆಮಾತು ಕನ್ನಡ, ಕಲಿತದ್ದೆಲ್ಲ ಮರಾಠಿ ಮತ್ತು ಇಂಗ್ಲಿಷು.

ಪ್ರಶ್ನೆ ಇದು. ಕೊಬ್ಬು ತಿಂದ ಮೈ, ಏರುವ ವಯಸ್ಸು, ಹೆಣ್ಣೋ ಗಂಡೋ ಎಂಬುದು, ಈ ಮೂರೂ ಸೇರಿ ನೆನಪನ್ನು ಹೇಗೆ ಕೆಡಿಸುತ್ತವೆ? ಎಲ್ಲ ಇಲಿಗಳಿಗೂ ವನಸ್ಪತಿ ತುಪ್ಪ ಬೆರೆಸಿದ ಒಂದೇ ತಿನಿಸು. ವಯಸ್ಸಾದ ಮೇಲೆ ಪರೀಕ್ಷೆ. ಒಂದು ತೊಟ್ಟಿಯ ನೀರಿಗೆ ಹಾಲಿನ ಪುಡಿ ಕದಡಿ, ಒಳಗೆ ಕಾಣದಂತೆ ಒಂದು ಮಣೆ ಮುಳುಗಿಸಿಡುತ್ತಾರೆ. ಇಲಿ ಈಜಿ ಈಜಿ ಮಣೆ ಹತ್ತಬೇಕು. ಮರುದಿನ ಮಣೆಯ ಜಾಗ ಅದಕ್ಕೆ ನೆನಪಿದೆಯೇ ಎಂದು ನೋಡುತ್ತಾರೆ.

ಬೇರೆ ಕಡೆಗಳಲ್ಲಿ ಹೆಣ್ಣಿಲಿಗಳೇ ಬೇಗ ಸೋತಿದ್ದವಂತೆ. ವಯಸ್ಸಾಗಿ ಹೆಣ್ಣಿನ ಹಾರ್ಮೋನು ಇಳಿದಾಗ ಮೈ ಸಕ್ಕರೆ ಬಳಸುವ ರೀತಿ, ಅಂದರೆ ಮೆಟಬಾಲಿಸಂ, ಬದಲಾಗಿ ಮೆದುಳಿಗೆ ಸಾಕಷ್ಟು ಸಿಗುವುದಿಲ್ಲ ಎಂದು ಮೃಣಾಲ ವಿವರಿಸಿದ್ದಳು. ನಮ್ಮಲ್ಲಿ ಎಲ್ಲ ಉಲ್ಟಾ ಆಯಿತು. ಗಂಡಿಲಿಗಳು ಉಬ್ಬಿ, ತೊಟ್ಟಿಯಲ್ಲಿ ಸುಮ್ಮನೆ ಸುತ್ತು ಹೊಡೆದವು. ಹೆಣ್ಣಿಲಿಗಳು ತೆಳ್ಳಗೆ, ಚುರುಕಾಗಿ, ನೇರ ಮಣೆಗೇ ಹೋದವು. ಮೃಣಾಲಳ ಗೈಡು ಎಲ್ಲರಿಗೂ ಪೇಢೆ ಹಂಚಿದರು. ವರದಿ ಟೈಪ್ ಮಾಡಿದವನು ನಾನು. ಅದರಲ್ಲಿ "ಸೆಕ್ಸ್ ಡಿಫರೆನ್ಸ್" ಎಂಬ ಮಾತು ಹದಿನೇಳು ಸಲ ಬರುತ್ತದೆ. ಮೊದಲ ನಾಲ್ಕು ಸಲ ಬಾಗಿಲು ಹಾಕಿಕೊಂಡು ಟೈಪ್ ಮಾಡಿದೆ.

ಆದರೆ ನನ್ನ ಲೆಕ್ಕ ಬೇರೆಯಿತ್ತು. ಹೆಣ್ಣಿಲಿಗಳು ಮರೆಯಲಿಲ್ಲ! ಯಾಕೆ ಮರೆಯಲಿಲ್ಲ ಎಂದು ಗೊತ್ತಾದರೆ ಅದನ್ನು ಬಾಳವ್ವನಿಗೆ ಮಾಡಬಹುದಲ್ಲ?

೪

ಮಧ್ಯಾಹ್ನ ಛಾಯಾಬಾಯಿಯನ್ನು ಹುಡುಕಿಕೊಂಡು ಹೋದೆ. ಕಸಬೆ ಡಿಗ್ರಜದಿಂದ ಬಸ್ಸಿನಲ್ಲಿ ಬಂದು ಹೋಗುವ ಜೈನರ ಹೆಣ್ಣುಮಗಳು. ಇಲಿಗಳ ಮೆದುಳು ತೆಗೆಯುವ ದಿನ ರಜೆ ಹಾಕುತ್ತಾಳೆ. ತಿನ್ನಿಸುವುದಷ್ಟೇ ನನ್ನ ಕೆಲಸ, ಉಳಿದದ್ದು ನಿಮ್ಮ ನಿಮ್ಮ ಕರ್ಮ ಎಂದು ಸೇರುವಾಗಲೇ ಹೇಳಿದವಳು. ಹೆಣ್ಣಿಲಿಗಳಿಗೆ ಬೇರೆ ಏನಾದರೂ ಹಾಕುತ್ತಿದ್ದಿರಾ ಎಂದು ಕೇಳಿದೆ.

"ಬ್ಯಾರೆ ಏನ್ ಹಾಕ್ಲಿ ಅಣ್ಣಾರ? ಕೊಟ್ಟದ್ದನ್ನ ಇಟ್ಟೇನಿ. ಸಂಜೀಕ ಬಟ್ಟಲಾ ತಗದ ಬಸ್ಸಿಗೆ ಹೋಗ್ತೇನಿ, ಮುಂಜಾನೆ ಬಂದ ಮತ್ತ ಇಡ್ತೇನಿ."

ಯಾಕೆ ತೆಗೆಯುತ್ತೀರಿ ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ ನಾನು ಚಿಕ್ಕ ಹುಡುಗನಾದೆ.

"ಹೊತ್ತ ಮುಳಗಿದ ಮ್ಯಾಲ ತಿನ್ನೂದು ಪಾಪ ಅಲ್ಲೇನ್ರಿ? ನಮ್ಮ ಮನ್ಯಾಗ ಯಾರೂ ತಿನ್ನಂಗಿಲ್ಲ. ಇವಕ್ಕ ಮೊದಲ ಇಲೀ ಜನ್ಮ ಬಂದೈತಿ, ಅದರ ಮ್ಯಾಲ ನನ್ನ ಕೈಯಿಂದ ಇನ್ನೊಂದ ಪಾಪ ಯಾಕ? ನೀರ ಇಟ್ಟಿರ್ತೇನಿ. ರಾತ್ರಿ ನೀರೂ ಬಿಡಾಕ ಅವೇನ ಮುನಿಗಳಲ್ಲ."

ಪಕ್ಕದ ಕೋಣೆಯ ಗಂಗಾರಾಮನನ್ನು ಕೇಳಿದೆ. ಬಟ್ಟಲು ತುಂಬಿಸಿಟ್ಟು ಮನೆಗೆ ಹೋಗುತ್ತೇನೆ, ಇಲಿಗಳು ಬೆಳತನಕ ಮೆಲ್ಲುತ್ತಿರುತ್ತವೆ ಎಂದ. (ಈ ಕಥೆಯಲ್ಲಿ ತನಗೆ ಒಂದೇ ಮಾತು ಕೊಟ್ಟಿದ್ದೀರಿ ಎಂದು ಗಂಗಾರಾಮ ಈಗಲೂ ಮುನಿಸಿಕೊಂಡಿದ್ದಾನೆ.)

ಅಂದರೆ ಪೇಢೆ ಹಂಚಿದ್ದು ಹೆಣ್ಣು ಗಂಡಿನ ವ್ಯತ್ಯಾಸಕ್ಕಲ್ಲ, ಛಾಯಾಬಾಯಿಗೂ ಗಂಗಾರಾಮನಿಗೂ ಇದ್ದ ವ್ಯತ್ಯಾಸಕ್ಕೆ. ಎರಡು ವರ್ಷ ಬೆಟ್ಟ ಅಗೆದು ಇಲಿ ಹಿಡಿದೆವು. ಹಿಡಿದ ಇಲಿಯೂ ನಮ್ಮದಲ್ಲ, ಛಾಯಾಬಾಯಿಯದು.

೫

ಇಲ್ಲಿ ಒಬ್ಬ ಮರ್ಯಾದಸ್ಥ ಲೇಖಕ ಏನು ಮಾಡುತ್ತಿದ್ದ? ನೇರ ಮೃಣಾಲಳ ಹತ್ತಿರ ಹೋಗಿ ಹೇಳುತ್ತಿದ್ದ. ನಾನು ಮನೆಗೆ ಹೋಗಿ ಸಂಜೆ ಆರಕ್ಕೇ ಊಟದ ತಾಟು ಹಾಕೆಂದು ಬಾಳವ್ವನಿಗೆ ಹೇಳಿದೆ. ಶುಗರಿಗೆ ಒಳ್ಳೆಯದು ಎಂದೆ. ಹೊತ್ತು ಮುಳುಗುವುದಕ್ಕೆ ಮುಂಚೆ ಉಂಡರೆ ನೆನಪು ಉಳಿಯುತ್ತದೆ, ಇಲಿಗಳೇ ಸಾಕ್ಷಿ! ಲಿಂಗಾಯತರ ಮನೆಯಲ್ಲಿ ಹಗಲೂಟ ಶುರುವಾದದ್ದು ಕಂಡು ತಮ್ಮಂದಿರು, ಅಣ್ಣ ಯಾವಾಗ ಧರ್ಮ ಬದಲಿಸಿದ ಎಂದು ನಕ್ಕರು.

ಹೇಳಿದರೆ ಛಾಯಾಬಾಯಿಯ ನೌಕರಿ ಹೋಗುತ್ತದೆ, ಮೃಣಾಲಳ ಎರಡು ವರ್ಷ ಹೋಗುತ್ತವೆ. ಹೇಳದಿದ್ದರೆ ಸುಳ್ಳು ಅಚ್ಚಾಗುತ್ತದೆ. ಇದು ಬಹಳ ದೊಡ್ಡ ನೈತಿಕ ಸಂಕಟ, ಆದ್ದರಿಂದ ಅದನ್ನು ಒಂದು ಕಥೆಯಾಗಿ ಬರೆದೆ. (ಕೈಲಾಗದವರು ಇದನ್ನೇ ಮಾಡುವುದು.) ಎರಡನೆಯ ಡ್ರಾಫ್ಟ್ ಓದಿ ಹೇಳಿದಾಗ ಛಾಯಾಬಾಯಿ, ತಪ್ಪಿತಸ್ಥಳ ಹಾಗೆ ತಾನು ತಲೆ ತಗ್ಗಿಸಿದ ಸಾಲನ್ನು ತೆಗೆಸಿದಳು. ತಾನು ಯಾವತ್ತೂ ತಲೆ ತಗ್ಗಿಸಿಲ್ಲ, ಯಾರೂ ಕೇಳಿಲ್ಲವಾದ್ದರಿಂದ ಹೇಳಿಲ್ಲ, ಬೇಕಾದರೆ ಮೃಣಾಲಳಿಗೆ ಹೇಳಿರಿ ಎಂದಳು. ಸರಿ, ತಗ್ಗಿಸಿದವನು ನಾನೇ.

ಮೂರನೆಯ ಡ್ರಾಫ್ಟಿನಲ್ಲಿ ಎಲ್ಲವನ್ನೂ ಬರೆದೆ. ಬಟ್ಟಲು, ಬಸ್ಸು, ಡಾಕ್ಟರು ನನ್ನನ್ನು ಒಳಗೆ ಕರೆದದ್ದು, ನಾನು ಬಾಳವ್ವನಿಗೆ ಹೇಳಿದ ಸುಳ್ಳು. ಮೃಣಾಲಳ ಮೇಜಿನ ಮೇಲೆ ಇಟ್ಟು ಓಡಿಬಂದೆ.

೬

ಈಗ ನನ್ನ ಮೂರ್ಖತನದ ಶಿಖರ. ಮೃಣಾಲಳಿಗೆ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಗೊತ್ತಿದ್ದೂ ನಾನು ಮರೆತಿದ್ದೆ. (ನನಗೆ ಡಾಕ್ಟರು ಬೇಕಾಗಿಲ್ಲವೆಂದು ನೀವು ಅಂದುಕೊಂಡಿದ್ದಿರಾ?) ಕಾಕಾ ಏನೋ ಪ್ರೀತಿಯಿಂದ ಕೊಟ್ಟಿದ್ದಾರೆಂದು ಆ ಹುಡುಗಿ ಭಾನುವಾರ ಸಂಜೆ ನಮ್ಮ ಮನೆಗೇ ಬಂದಳು. ನಾನು ಪೇಟೆಗೆ ಹೋಗಿದ್ದೆ. ಕಾಕೂ, ನೀವೇ ಓದಿ ಹೇಳಿ ಎಂದು ಬಾಳವ್ವನ ಕೈಗೆ ಕಾಗದ ಕೊಟ್ಟಳು.

ನಾನು ಬಂದಾಗ ಬಾಳವ್ವ ಕನ್ನಡಕ ಹಾಕಿಕೊಂಡು ಓದುತ್ತಿದ್ದಳು. ಓದು ಅವಳಿಗೆ ಮರೆತಿಲ್ಲ. ಶಾಲೆಯಲ್ಲಿ ಬಹುಮಾನ ತೆಗೆದುಕೊಂಡ ಗಂಟಲು. ಬಟ್ಟಲಿನ ಭಾಗ ಮುಗಿದಿತ್ತು. ಮೃಣಾಲ ಕೈಯಲ್ಲಿದ್ದ ಚಹಾ ಕುಡಿಯದೆ ಕುಳಿತಿದ್ದಳು. ಬಾಗಿಲಲ್ಲಿ ನಿಂತ ನಾನು ಮುಂದಿನ ಪುಟದಲ್ಲಿ ಏನಿದೆ ಎಂದು ಲೆಕ್ಕ ಹಾಕಿದೆ. ನುಗ್ಗಿ ಕಸಿದುಕೊಳ್ಳಬೇಕಿತ್ತು. ನನ್ನ ಗದ್ಯ ಅವಳ ಬಾಯಲ್ಲಿ ಎಷ್ಟು ಚೆನ್ನಾಗಿ ಕೇಳುತ್ತಿದೆ ಎಂದು ಒಂದು ಗಳಿಗೆ ನಿಂತುಬಿಟ್ಟೆ. ದೇವರಾಣೆ, ಅದಕ್ಕೇ ನಿಂತೆ. ಲೇಖಕನಂಥ ನಾಚಿಕೆಗೆಟ್ಟ ಪ್ರಾಣಿ ಇನ್ನೊಂದಿಲ್ಲ.

ಅವಳು ಓದಿದಳು: "ಬಾಳವ್ವನಿಗೆ ಅಲ್‌ಝೈಮರ್ ಇದೆ. ಅದು ಬಾಳವ್ವನಿಗೆ ಗೊತ್ತಿಲ್ಲ." ಓದು ನಿಲ್ಲಿಸಲಿಲ್ಲ. ಮುಂದಿನ ಸಾಲನ್ನೂ, ಅದರ ಮುಂದಿನದನ್ನೂ ಓದಿದಳು. ಕೊನೆಯವರೆಗೆ ಓದಿ, ಕಾಗದ ಸರಿಮಾಡಿ ಮಡಿಲಲ್ಲಿ ಇಟ್ಟುಕೊಂಡಳು.

ಮೃಣಾಲ ಅಳುತ್ತಿದ್ದಳು. "ಕಾಕಾ, ಮಲಾ ಸರಳ ಯಾಕ ಹೇಳಲಿಲ್ಲ? ನೇರ ನನಗ ಹೇಳಬೇಕಿತ್ತಲಾ?" ಎಂದಳು. ಆಮೇಲೆ ಕಣ್ಣೊರೆಸಿಕೊಂಡು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ನನಗೆ ಇನ್ನೊಂದು ವಿಷಯ ತಿಳಿಸಿದಳು. ಇಲಿ ರಾತ್ರಿ ತಿನ್ನುವ ಪ್ರಾಣಿ. ಹಗಲು ಅದಕ್ಕೆ ನಿದ್ದೆಯ ಹೊತ್ತು. ಛಾಯಾಬಾಯಿ ಮಾಡಿದ್ದನ್ನು ಮನುಷ್ಯರಿಗೆ ಮಾಡಬೇಕೆಂದರೆ ಹಗಲೆಲ್ಲ ಉಪವಾಸ ಕೆಡವಿ ರಾತ್ರಿ ನಿದ್ದೆಯಿಂದ ಎಬ್ಬಿಸಿ ಉಣಿಸಬೇಕು. ಆ ಇಲಿಗಳು ಬಹುಶಃ ಕಡಿಮೆ ತಿಂದವು, ಅಷ್ಟೇ. ಆರು ಗಂಟೆಯ ತಾಟಿಗೂ ಇದಕ್ಕೂ ಸಂಬಂಧವೇ ಇಲ್ಲ, ಕಾಕಾ.

೭

ಕೊನೆಗಳು ಬೇಕೇ? ತೆಗೆದುಕೊಳ್ಳಿ.

ಅ) ಛಾಯಾಬಾಯಿಯ ನೌಕರಿ ಹೋಯಿತು. (ಛಾಯಾಬಾಯಿ ಇದನ್ನು ಒಪ್ಪಲಿಲ್ಲ. ಬಟ್ಟಲು ತೆಗೆಯಬೇಡಿ ಎಂದು ಯಾವ ಕಾಗದದಲ್ಲಿ ಬರೆದಿದೆ, ತೋರಿಸಿರಿ ಎಂದು ಗೈಡಿನ ಮುಂದೆ ನಿಂತಳು. ಬರೆದಿರಲಿಲ್ಲ, ನೌಕರಿ ಉಳಿಯಿತು. ಟೈಪ್ ಮಾಡಬೇಕಿದ್ದವನು ನಾನು.)

ಆ) ಛಾಯಾಬಾಯಿಯ ಪಾಪಭೀತಿಯೇ ದೊಡ್ಡ ಶೋಧವಾಗಿ, ಮಿರಜದ ಹೆಸರು ಜಗತ್ತಿಗೆಲ್ಲ ಗೊತ್ತಾಗಿ, ಬಾಳವ್ವ ಗುಣವಾದಳು. ಇದನ್ನು ಬರೆಯುವಾಗ ಬಹಳ ಸುಖವಾಯಿತು. ಹೊಡೆದು ಹಾಕಿದೆ.

ಇ) ಮೃಣಾಲ ವರದಿಯನ್ನು ಹಿಂದಕ್ಕೆ ತೆಗೆದುಕೊಂಡು, ಹೆಣ್ಣು ಗಂಡು ಎರಡಕ್ಕೂ ಒಂದೇ ಹೊತ್ತು ಇಟ್ಟು ಮೊದಲಿನಿಂದ ಶುರು ಮಾಡಿದಳು. ಇದು ನಡೆದದ್ದು. ಆದರೆ ಇಲಿ ಮುದಿಯಾಗಲು ಒಂದೂವರೆ ವರ್ಷ ಬೇಕು. ನಾನು ಪುಟ ಮಗುಚಿದಷ್ಟು ಬೇಗ ಅವಕ್ಕೆ ವಯಸ್ಸಾಗುವುದಿಲ್ಲ.

೮

ಆ ಭಾನುವಾರ ಮೃಣಾಲ ಹೋದ ಮೇಲೆ ಬಾಳವ್ವ ಕೇಳಿದಳು:

"ಎಷ್ಟ ತಿಂಗಳಾತ್ರಿ?"

"ಹನ್ನೊಂದು."

"ಹನ್ನೊಂದ ತಿಂಗಳ ನನ್ನ ನಾನ ಬೈಕೊಂಡೇನಿ. ಹಾಲ ಉಕ್ಕಿದ್ರ, ಲಿಂಗಪೂಜಿ ಆತೋ ಇಲ್ಲೋ ನೆನಪಾಗದಿದ್ರ, ನನಗ ಸೊಕ್ಕ ಬಂದೈತಿ, ಲಕ್ಷ್ಯ ಇಲ್ಲ ಅಂತ ತಿಳದೇನಿ. ಬ್ಯಾನಿ ಅಂತ ಒಂದ ಮಾತ ಹೇಳಿದ್ರ ಏನಾಗ್ತಿತ್ರಿ?"

ನಿನ್ನ ಒಳ್ಳೆಯದಕ್ಕೆ ಎಂಬ ಮಾತು ಗಂಟಲವರೆಗೆ ಬಂದಿತ್ತು, ನುಂಗಿದೆ. ನನಗೆ ಹೆದರಿಕೆಯಾಗಿತ್ತು ಎಂದೆ. ಅದು ಹನ್ನೊಂದು ತಿಂಗಳಲ್ಲಿ ನಾನು ಅವಳಿಗೆ ಹೇಳಿದ ಮೊದಲ ನಿಜ.

"ನನಗೂ ಆಗೈತಿ," ಎಂದಳು. ಮಡಿಲಲ್ಲಿದ್ದ ಕಾಗದ ಮಡಚುತ್ತ ಅಂದಳು: "ಇದನ್ನೂ ನಾ ಮರೀತೇನಿ. ಮರತ್ರ ಮತ್ತ ಹೇಳ್ರಿ. ಪ್ರತೀ ಸಲ ಹೇಳ್ರಿ. ಸುಳ್ಳ ಹೇಳಬ್ಯಾಡ್ರಿ."

ಆವತ್ತು ಅವಳು ಎಂಟಕ್ಕೆ ಉಂಡಳು, ತನ್ನಿಷ್ಟದ ಹೊತ್ತಿಗೆ.

ಆಮೇಲೆ ಮೂರು ಸಲ ಹೇಳಿದ್ದೇನೆ. ಒಂದು ಸಲ ಎದ್ದು ಹೋಗಿ ಹಾಲು ಉಕ್ಕಿದೆಯೇ ಎಂದು ನೋಡಿ ಬಂದಳು. ಒಂದು ಸಲ ನನ್ನ ಕೈ ಹಿಡಿದು ಅತ್ತಳು. ಇನ್ನೊಂದು ಸಲ, ಹಾಗಾದರೆ ಛಾಯಾಬಾಯಿಯ ನೌಕರಿ ಉಳಿಯಿತೇ ಎಂದು ಕೇಳಿದಳು. ಪ್ರತಿ ಸಲವೂ ಅವಳಿಗೆ ಅದು ಮೊದಲನೆಯದು. ನನಗೂ ಅಷ್ಟೇನೂ ಅಭ್ಯಾಸವಾಗಿಲ್ಲ.

ಈಗ ಅವಳು ಒಳಗೆ ಬಂದು ನನ್ನ ಪಕ್ಕ ನಿಂತು, ಏನು ಬರೆಯುತ್ತಿದ್ದೀರಿ ಎಂದು ಕೇಳುತ್ತಿದ್ದಾಳೆ. ಕಥೆ ಎಂದೆ.

"ಯಾರದ್ರಿ?"

ಇಲಿಗಳದು ಎಂದರೆ ಇವತ್ತಿನ ಸಂಜೆ ನೆಮ್ಮದಿಯಿಂದ ಕಳೆಯುತ್ತದೆ. ಓದುಗರೇ, ನೀವಾದರೆ ಏನನ್ನುತ್ತಿದ್ದಿರೋ ನನಗೆ ಗೊತ್ತಿಲ್ಲ.

"ನಿಂದು," ಎಂದೆ. "ಕುಂದ್ರು, ಓದಿ ಹೇಳ್ತೇನಿ."

"ಬ್ಯಾಡ್ರಿ, ನಾನ ಓದ್ತೇನಿ," ಎಂದು ಕನ್ನಡಕ ಹಾಕಿಕೊಂಡು ಕೈ ಚಾಚಿದ್ದಾಳೆ. ಇನ್ನೂ ಎರಡು ಸಾಲು ಬಾಕಿ ಇದೆ ಎಂದರೆ ಕೇಳುತ್ತಿಲ್ಲ. ಕಾಗದ ಕೊಡುತ್ತಿದ್ದೇನೆ