ರಸ್ತೆ ದಾಟಿದರೆ ಮತ್ತೆ ಲಾಗಿನ್

೧

ಎಲ್ಲಿಂದ ಶುರು ಮಾಡಲಿ? ರೂಟರಿನಿಂದ ಶುರು ಮಾಡಿದರೆ ನೀವು ಆಕಳಿಸುತ್ತೀರಿ. ಅಮ್ಮನಿಂದ ಶುರು ಮಾಡಿದರೆ ಈಗಲೇ ಕಣ್ಣೊರೆಸಿಕೊಳ್ಳಲು ತಯಾರಾಗುತ್ತೀರಿ, ಅದು ಇನ್ನೂ ಅಪಾಯ. ಹಾಗಾಗಿ ಮೆಟ್ಟಿಲಿನಿಂದ ಶುರು ಮಾಡುತ್ತೇನೆ. ನೆಟ್‌ವರ್ಕ್ ರಿಪೇರಿಯವಳು ಹೆಗಲಿಗೆ ಚೀಲ ಹಾಕಿಕೊಂಡು ಒಂದು ಲಾಡ್ಜಿನ ಮೆಟ್ಟಿಲು ಹತ್ತುತ್ತಿದ್ದಾಳೆ. ಲಿಫ್ಟ್ ಇದೆ, ಕೆಟ್ಟಿದೆ. (ಕೆಡಿಸಿದ್ದು ನಾನೇ. ಕಥೆಗೆ ಅವಳು ಸುಸ್ತಾಗಿರಬೇಕಿತ್ತು.)

"ನಾನು ಮೊದ್ಲೇ ಸುಸ್ತಾಗಿದೀನಿ," ಎಂದಳು ಅವಳು. "ಲಿಫ್ಟ್ ಕೆಡಿಸೋ ಅಗತ್ಯ ಇರ್ಲಿಲ್ಲ."

೨

ಒಂದೇ ರಸ್ತೆ, ಎದುರುಬದುರು ಎರಡು ಲಾಡ್ಜು. ಒಂದು ಅಣ್ಣನದು, ಇನ್ನೊಂದು ತಮ್ಮನದು. ಅಪ್ಪ ಹೋದ ಮೇಲೆ ಪಾಲಾಯಿತು, ಪಾಲಾದ ಮೇಲೆ ಮಾತು ನಿಂತಿತು. ಅಣ್ಣನ ಕಡೆ ರೂಮುಗಳು ಹೆಚ್ಚು. ಊಟದ ಹಾಲ್ ಇರುವುದು ತಮ್ಮನ ಕಡೆ. ಗಿರಾಕಿಗಳು ಅಲ್ಲಿ ಮಲಗಿ ಇಲ್ಲಿ ಉಣ್ಣುತ್ತಾರೆ. ರಸ್ತೆ ದಾಟಿದೊಡನೆ ಇಂಟರ್‌ನೆಟ್ "ನೀವ್ಯಾರು?" ಎನ್ನುತ್ತದೆ, ಮತ್ತೆ ಲಾಗಿನ್ ಕೇಳುತ್ತದೆ. ಅಣ್ಣನ ರೂಟರಿಗೆ ಗೊತ್ತಿರುವವರು ತಮ್ಮನ ರೂಟರಿಗೆ ಗೊತ್ತಿಲ್ಲ. ಗಿರಾಕಿಗಳು ಬೈಯುತ್ತಾ ಬೇರೆ ಲಾಡ್ಜು ಹಿಡಿದಾಗ ಇಬ್ಬರೂ, ಒಬ್ಬರಿಗೆ ತಿಳಿಯದಂತೆ ಒಬ್ಬರು, ಇವಳಿಗೇ ಫೋನ್ ಮಾಡಿದ್ದರು.

ಪಾಲಾದಾಗ ಅವರ ಅಮ್ಮನೂ ಪಾಲಾಗಿದ್ದಳು. ಹಗಲು ದೊಡ್ಡವನ ಕಡೆ, ರಾತ್ರಿ ಚಿಕ್ಕವನ ಕಡೆ. ದೂರದಲ್ಲಿರುವ ತನ್ನ ತಂಗಿಯ ಮುಖವನ್ನು ಫೋನಿನಲ್ಲಿ ನೋಡುವುದೊಂದು ಅವಳ ಚಟ. ಹಾಗಾಗಿ ರಸ್ತೆ ದಾಟಿದಾಗಲೆಲ್ಲ ಕೌಂಟರಿನ ಮುಂದೆ ನಿಂತು, "ಸ್ವಲ್ಪ ಹಾಕ್ಕೊಡಪ್ಪಾ" ಎನ್ನಬೇಕು; ಮಗ ಕೆಲಸ ಬಿಟ್ಟು ಎದ್ದು ಬಂದು, ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ಗೊಣಗುತ್ತಾ ಕೋಡ್ ಒತ್ತಿಕೊಡಬೇಕು.

"ಗೆಸ್ಟ್ ಅಂತ ಬರುತ್ತೆ ನೋಡು ಮಗಳೇ," ಎಂದು ಅಮ್ಮ ರಿಪೇರಿಯವಳಿಗೆ ಫೋನ್ ತೋರಿಸಿದಳು. "ಆ ಮನೇಲೂ ಗೆಸ್ಟು, ಈ ಮನೇಲೂ ಗೆಸ್ಟು."

ರಿಪೇರಿಯವಳು ಹೆಗಲಿನ ಚೀಲ ಕೆಳಗಿಟ್ಟಳು. ಎಷ್ಟೇ ಹೊತ್ತಾಗಲಿ, ಇವತ್ತು ಇದನ್ನು ಮುಗಿಸಿಯೇ ಹೋಗುವುದು ಎಂದುಕೊಂಡಳು.

೩ (ಹರಿದುಹಾಕಿದ್ದು)

ಇಲ್ಲಿ ಒಂದಿಡೀ ಪುಟ ತಾಂತ್ರಿಕ ವಿವರ ಬರೆದಿದ್ದೆ. ಓದಿದರೆ ನನಗೇ ನಿದ್ದೆ ಬಂತು. ಸಾರಾಂಶ ಇಷ್ಟು: ಎರಡೂ ರೂಟರುಗಳು ಗುರುತಿನವರ ಹೆಸರಿರುವ ಒಂದೇ ಪಟ್ಟಿಯನ್ನು ನೋಡುವಂತೆ ಮಾಡಬೇಕು. ಹಾಗೆ ಮಾಡಲು ಎರಡೂ ಕಡೆ ಒಂದೇ ಗುಟ್ಟಿನ ಪದ ಇರಬೇಕು. ಒಂದಕ್ಷರ ಆಚೀಚೆಯಾದರೂ ನಡೆಯದು.

೩ (ಉಳಿದದ್ದು)

"ಪದ ನಾನು ಹೇಳ್ತೀನಿ, ಅವನು ಹಾಕ್ಕೊಳ್ಲಿ," ಎಂದ ಅಣ್ಣ.

ಅವಳು ಮೆಟ್ಟಿಲಿಳಿದು ರಸ್ತೆ ದಾಟಿದಳು.

"ಅವನ ಪದ ನನ್ನ ಮಷೀನಿಗೆ ಬೇಡ," ಎಂದ ತಮ್ಮ. "ಬೇಕಿದ್ರೆ ನಂದು ಅವನು ಹಾಕ್ಕೊಳ್ಲಿ."

ಮತ್ತೆ ರಸ್ತೆ, ಮತ್ತೆ ಮೆಟ್ಟಿಲು. ಕಾಲು ಪದ ಹೇಳುತ್ತಿತ್ತು.

(ಆಗ ನಾನೊಂದು ಉಪಾಯ ಹೂಡಿದೆ. ಗುಟ್ಟಿನ ಪದ ಅಮ್ಮನ ಹೆಸರೇ ಆಗಲಿ! ಇಬ್ಬರೂ ಅದನ್ನು ಒತ್ತುವಾಗ ಕಣ್ಣು ತುಂಬಲಿ...)

"ಅಮ್ಮನ ಹೆಸರು ಪಾಸ್‌ವರ್ಡ್ ಇಟ್ರೆ ಯಾರು ಬೇಕಾದ್ರೂ ಒಳಗೆ ನುಗ್ತಾರೆ," ಎಂದಳು ಅವಳು. "ನಿಮಗೇನು, ಕಥೆ ಮುಗಿದ್ರೆ ಸಾಕು. ಆಮೇಲೆ ಬೈಸಿಕೊಳ್ಳೋಳು ನಾನು."

ಕೊನೆಗೆ ಅವಳ ಲ್ಯಾಪ್‌ಟಾಪೇ ಒಂದು ಪದ ಕಟ್ಟಿಕೊಟ್ಟಿತು. ಅರ್ಥವಿಲ್ಲದ, ನಾಲಗೆ ಹೊರಳದ ಅಕ್ಷರ, ಅಂಕಿಗಳ ರಾಶಿ. "ಇದು ಅವನು ಹೇಳಿದ್ದಲ್ಲ ತಾನೇ?" ಎಂದ ಅಣ್ಣ. ತಮ್ಮನೂ ಅದನ್ನೇ ಕೇಳಿದ. ಅಲ್ಲವೆಂದು ಖಾತ್ರಿಯಾದ ಮೇಲೆ ಇಬ್ಬರೂ ಒಪ್ಪಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

೫

(ನಾಲ್ಕರಲ್ಲಿ ಅಣ್ಣತಮ್ಮಂದಿರು ನಡುರಸ್ತೆಯಲ್ಲಿ ತಬ್ಬಿಕೊಳ್ಳುತ್ತಿದ್ದರು. "ಟ್ರಾಫಿಕ್ ನೋಡಿದೀರಾ?" ಎಂದಳು ಅವಳು. ಅಳಿಸಿದೆ.)

ಸಂಜೆ ಅಮ್ಮ ಫೋನ್ ಹಿಡಿದುಕೊಂಡೇ ರಸ್ತೆ ದಾಟಿದಳು. ತಂಗಿಯ ಮುಖ ಒಂದು ಗಳಿಗೆ ನಿಂತುಹೋಯಿತು, ಮತ್ತೆ ನಗತೊಡಗಿತು. ಯಾವ ಕೋಡೂ ಕೇಳಲಿಲ್ಲ. ಆದರೂ ಅವಳು ಅಭ್ಯಾಸಬಲದಿಂದ ಚಿಕ್ಕ ಮಗನ ಕೌಂಟರಿನ ಮುಂದೆ ಹೋಗಿ ನಿಂತಳು.

"ಬರ್ತಾ ಇದೆಯೇನಮ್ಮಾ?"

"ಬರ್ತಾ ಇದೆ."

"ಹಾಗಾದ್ರೆ ಸರಿ," ಎಂದು ಅವನು ತನ್ನ ಕೆಲಸಕ್ಕೆ ತಿರುಗಿದ.

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿಯೂ ಇದ್ದೆ. ಆದರೆ ರಿಪೇರಿಯವಳು ಕೆಳಗಿನ ಮೆಟ್ಟಿಲ ಮೇಲೆ ಕೇಬಲ್ ಸುತ್ತುತ್ತಾ ಕೂತಿದ್ದಾಗ ಅಮ್ಮ ಬಂದು ಪಕ್ಕದಲ್ಲಿ ಕೂತಳು. ನಾನು ಕಳಿಸಿದ್ದಲ್ಲ.

"ಇದನ್ನ ಮೊದಲಿನ ಹಾಗೆ ಮಾಡೋಕಾಗುತ್ತಾ ಮಗಳೇ?"

"ಯಾಕಜ್ಜಿ? ಇನ್ಮೇಲೆ ನೀವು ಯಾರನ್ನೂ ಕೇಳ್ಬೇಕಾಗಿಲ್ಲ."

"ಅದೇ," ಎಂದಳು ಅಮ್ಮ. "ಕೇಳಿದ್ರೆ ಎದ್ದು ಬರ್ತಿದ್ರು. ಬೈಕೊಂಡೇ ಬರ್ತಿದ್ರು ಅನ್ನು. ಆದ್ರೂ ಬಂದು ಪಕ್ಕದಲ್ಲಿ ಕೂರ್ತಿದ್ರು. ಹೊರಡುವಾಗ ಊಟ ಆಯ್ತಾ ಅಂತಿದ್ರು."

೬

ಮುಕ್ತಾಯಗಳು ಬೇಕಾದಷ್ಟಿವೆ, ಆರಿಸಿಕೊಳ್ಳಿ. ಅವಳು ಎಲ್ಲವನ್ನೂ ಮೊದಲಿನಂತೆ ಮಾಡುತ್ತಾಳೆ. ಗಿರಾಕಿಗಳೆಲ್ಲ ಬಿಟ್ಟುಹೋಗಿ ಎರಡೂ ಲಾಡ್ಜಿಗೆ ಬೀಗ ಬೀಳುತ್ತದೆ. ಅಥವಾ, ಅವಳು ಅಲ್ಲಿಯೇ ತನ್ನ ಅಮ್ಮನಿಗೆ ಫೋನ್ ಮಾಡಿ ಬಿಕ್ಕುತ್ತಾಳೆ. ("ನಮ್ಮಮ್ಮನ್ನ ಯಾಕೆ ಎಳೀತೀರಾ? ಅವರು ನನ್ನ ಜೊತೇಲೇ ಇದಾರೆ, ಆರಾಮಾಗಿದಾರೆ.")

ಇನ್ನೊಂದು ದಾರಿಯನ್ನು ಅವಳೇ ಕಂಡುಕೊಂಡಳು. ಪಟ್ಟಿಯಿಂದ ಅಮ್ಮನ ಹೆಸರೊಂದನ್ನೇ ತೆಗೆದರೆ ಸಾಕು. ಗಿರಾಕಿಗಳೆಲ್ಲ ಎರಡೂ ಕಡೆ ಗುರುತಿನವರಾಗಿಯೇ ಉಳಿಯುತ್ತಾರೆ. ಹೆತ್ತವಳೊಬ್ಬಳು ಎರಡೂ ಕಡೆ ಮತ್ತೆ ಗೆಸ್ಟ್ ಆಗುತ್ತಾಳೆ. ಮಕ್ಕಳು ಎದ್ದು ಬರುತ್ತಾರೆ.

ಲ್ಯಾಪ್‌ಟಾಪ್ ತೊಡೆಯ ಮೇಲೆ ತೆರೆದಿದೆ. "ಈ ಹೆಸರನ್ನು ಅಳಿಸಲೇ?" ಎಂದು ಪರದೆ ಕೇಳುತ್ತಿದೆ. ಬೆರಳು ಮೇಲಕ್ಕೆದ್ದು ಅಲ್ಲೇ ನಿಂತಿದೆ.

"ಈಗ ಹೇಳಿ," ಎಂದಳು ನನಗೆ. "ಇಷ್ಟೊತ್ತು ಎಲ್ಲದಕ್ಕೂ ಬಾಯಿ ಹಾಕಿದ್ರಲ್ಲ."

ನನಗೆ ಗೊತ್ತಿಲ್ಲ. ನನಗೂ ಸುಸ್ತಾಗಿದೆ. ಲಿಫ್ಟ್ ಬೇಕಾದರೆ ಸರಿ ಮಾಡಿಕೊಡುತ್ತೇನೆ, ಅಷ್ಟೇ ನನ್ನ ಕೈಲಾಗುವುದು. ಅವಳು ಇನ್ನೂ ಒತ್ತಿಲ್ಲ, ಮುಚ್ಚಿಯೂ ಇಲ್ಲ. ಅಮ್ಮ ಅವಸರ ಮಾಡುತ್ತಿಲ್ಲ. ಯಾರೋ ಪಕ್ಕದಲ್ಲಿ ಕೂತಿದ್ದಾರಲ್ಲ, ಅವಳಿಗೆ ಸದ್ಯಕ್ಕೆ ಅಷ್ಟು ಸಾಕು. ನಿಮಗೂ ಕಾಲು ನೋಯುತ್ತಿದ್ದರೆ ಬನ್ನಿ, ಅಮ್ಮ ಸರಿದು ಜಾಗ ಮಾಡಿದ್ದಾಳೆ.