ರಸಮಟ್ಟ

"ನೀರು ನಿಂತದೇನು?" ಗೇಟಿನ ಕಂಬದ ಬಳಿ ಕುಕ್ಕರಗಾಲಿನಲ್ಲಿ ಕುಳಿತಿದ್ದ ರಘೋತ್ತಮರು ಕೇಳಿದರು.

"ಯಾವಾಗೋ ನಿಂತೈತ್ರಿ ಸಾಹೇಬ್ರ. ನಿಮ್ಮ ಕೈನ ನಡಗಾಕತ್ತೈತಿ," ಎಂದ ಗಾರೆ ಕೆಲಸದ ಗೌಂಡಿ ಅಮಸಿದ್ದ. ನೀರು ತುಂಬಿದ ಪಾರದರ್ಶಕ ಪೈಪಿನ ಇನ್ನೊಂದು ತುದಿಯನ್ನು ಅವನು ಕಾಂಪೌಂಡಿನ ಗೋಡೆಗೆ ಒತ್ತಿ ಹಿಡಿದಿದ್ದ.

ಎರಡೂ ತುದಿಗಳಲ್ಲಿ ನೀರು ನಿಂತ ಎತ್ತರಕ್ಕೆ ಪೆನ್ಸಿಲಿನ ಗೆರೆ ಬಿತ್ತು. ಗೆರೆಯಿಂದ ನೆಲಕ್ಕೆ ಅಳೆದರೆ ಗೋಡೆಯ ಕಡೆ ನಾಲ್ಕು ಮಿಲಿಮೀಟರ್ ತಗ್ಗು.

"ಅಷ್ಟರೆ ಢಾಳ ಬೇಕ್ರಿ, ಮಳಿ ನೀರ ಹರದ ಹೋಗಾಕ."

"ಬ್ಯಾಡ. ಒಂದು ಕೂದಲೆಳಿನೂ ಬ್ಯಾಡ."

"ಅಂಗಳ ಅಲ್ರಿ ಇದು? ಇಲ್ಲೇನ ವಿಮಾನ ಇಳಸಾವ್ರದೀರಿ?"

ಬುಟ್ಟಿಯಲ್ಲಿ ಮುರುಮ್ ಮಣ್ಣು ಹೊತ್ತು ಬಂದ ಅವನ ಹೆಂಡತಿ ಮಲಕವ್ವ ನಕ್ಕಳು. "ನಮ್ಮ ಜೋಪಡಿ ನೆಲದಾಗ ಚರಿಗಿ ಇಟ್ಟರ ಉಳ್ಳಿಕೋತ ಬಾಗಲಾ ದಾಟತೈತ್ರಿ. ಆದ್ರ ಇವ ಗೊರಕಿ ಹೊಡಿಯೂದು ಒಂದ ದಿನಾ ತಪ್ಪಿಲ್ಲ."

ರಘೋತ್ತಮರು ನಗಲಿಲ್ಲ. ನಾಸಿಕದ ಬಳಿಯ ಓಝರಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಅವರು ಮಾಡಿದ್ದೂ ಇದೇ ಕೆಲಸ. ವಿಮಾನವನ್ನು ಮೂರು ಜಾಕುಗಳ ಮೇಲೆ ಎತ್ತಿ, ಮಟ್ಟಕ್ಕೆ ತಂದು, ಆಮೇಲೆ ತೂಗುವುದು. ಮಟ್ಟ ತಪ್ಪಿದರೆ ಮುಂದಿನದ್ಯಾವುದೂ ಸರಿ ಬರುವುದಿಲ್ಲ.

ಗೋಡೆಯಾಚೆ ರಸ್ತೆಯ ಇಳಿಜಾರಿನಲ್ಲಿ ಅವರ ಟೆಂಪೊ ಟ್ರಾವೆಲರ್ ನಿಂತಿತ್ತು. 2009ರಲ್ಲಿ, ನಿವೃತ್ತಿಯಾದ ವರ್ಷ, ಸೀಟುಗಳನ್ನು ಕಿತ್ತು ಒಳಗೆ ಎರಡು ಮಂಚ, ಗ್ಯಾಸಿನ ಒಲೆ, ನೀರಿನ ಟ್ಯಾಂಕು ಕೂರಿಸಿದ್ದರು. ಹಳದಿ ಪರದೆಗಳನ್ನು ಹೊಲಿದವರು ಹೆಂಡತಿ ವಿದ್ಯಾವತಿ. ಇಪ್ಪತ್ತಾರು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿಯೂ, ನಾಲ್ಕು ತಾಸಿನ ದಾರಿಯ ಎಲ್ಲೋರಾ ನೋಡದ ಮಾಸ್ತರಿಣಿ ಎಂದು ಅವರು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುತ್ತಿದ್ದರು. ಮೊದಲ ಪ್ರಯಾಣ ಅಲ್ಲಿಗೇ ಎಂದಾಗಿತ್ತು. ಗಾಡಿಯನ್ನು ಪರೀಕ್ಷಿಸಲು ಇಗತಪುರಿಯವರೆಗೆ ಹೋದ ದಿನ, ಚಹಾ ಕುಡಿಯಲು ಇಳಿದ ವಿದ್ಯಾವತಿ ನೆಲ ಎಡಕ್ಕೆ ವಾಲುತ್ತಿದೆ ಎಂದು ಕುಸಿದು ಕುಳಿತರು. ಆ ನೆಲ ಮತ್ತೆ ನೇರವಾಗಲೇ ಇಲ್ಲ.

ನಾಸಿಕದ ವೈದ್ಯರು ಸ್ಕ್ಯಾನನ್ನು ಬೆಳಕಿಗೆ ಹಿಡಿದು, ದೇಹದ ಸಮತೋಲ ಕಾಯುವ ಕಿರುಮೆದುಳನ್ನು ತೋರಿಸಿದ್ದರು. ಸೊರಗುತ್ತಿದೆ, ಔಷಧವಿಲ್ಲ, ಹೆಚ್ಚುತ್ತಲೇ ಹೋಗುತ್ತದೆ ಎಂದಿದ್ದರು. ರಘೋತ್ತಮರು ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡರು. ಮನೆಗೆ ಬಂದು ರಸಮಟ್ಟವನ್ನು ಹೆಂಡತಿಯ ಮಂಚದ ಮೇಲಿಟ್ಟರು. ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವಿನ ಗೆರೆಗಳನ್ನು ದಾಟಿ ಬಲಕ್ಕೆ ಸರಿಯಿತು. ಮಂಚ ನಿಜವಾಗಿಯೂ ಎಡಕ್ಕೆ ವಾಲಿತ್ತು. ಎಷ್ಟೋ ವಾರಗಳ ಮೇಲೆ ಅಂದು ರಘೋತ್ತಮರು ಹೊಟ್ಟೆ ತುಂಬ ಉಂಡರು. ಉಂಡೆದ್ದು ಮಂಚದ ಎಡಗಾಲಿನಡಿ ತಗಡಿನ ತುಂಡು ಸೇರಿಸಿದರು. ಮಲಗಿ ನೋಡಿದ ವಿದ್ಯಾವತಿ, "ಸ್ವಲ್ಪ ಚಲೋ ಅದ," ಎಂದರು.

"ಹಂಗಾರ ಗಾಡಿನೂ ಮಟ್ಟಕ್ಕ ನಿಲ್ಲಸತೀನಿ. ಒಂದು ತಾಸು ಅದರಾಗ ಮಲಗು. ನಿನಗ ವಾಲಲಿಲ್ಲಂದ್ರ ಎಲ್ಲೋರಾಕ್ಕ ಹೊರಡೋಣು."

ಅಂಗಳಕ್ಕೆ ಕಾಂಕ್ರೀಟು ಹಾಕಿದ ಮರುದಿನ ಅಮಸಿದ್ದ ಸುತ್ತ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದ. ರಘೋತ್ತಮರು ನಾಲ್ಕೂ ಮೂಲೆಗಳಲ್ಲಿ ಉಕ್ಕಿನ ಅಳತೆಪಟ್ಟಿ ಅದ್ದಿದರು. ಎಲ್ಲ ಕಡೆಯೂ ಇಪ್ಪತ್ತೆರಡು ಮಿಲಿಮೀಟರ್.

"ಇಂಥಾ ನೆಲ ನಾ ಎಲ್ಲೂ ಹಾಕಿಲ್ರಿ," ಎಂದ ಅಮಸಿದ್ದ. "ಪಾಪ, ನೀರಿಗೂ ಎತ್ತಾಗ ಹೋಗಬೇಕ ತಿಳೀವಲ್ದು."

ಹದಿನೈದನೆಯ ದಿನ ಗಾಡಿ ಒಳಗೆ ಬಂತು. ರಘೋತ್ತಮರು ಅದನ್ನು ನಾಲ್ಕು ಜಾಕುಗಳ ಮೇಲೆ ನಿಲ್ಲಿಸಿ, ರಸಮಟ್ಟವನ್ನು ಮಂಚದ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿದರು. ಗುಳ್ಳೆ ಎರಡು ಗೆರೆಗಳ ನಡುವೆ ಅಲುಗದೆ ನಿಂತಿತು. ಉಳಿದ ಮುರುಮ್ ಬಾಚಲು ಬಂದಿದ್ದ ಅಮಸಿದ್ದ ಮತ್ತು ಮಲಕವ್ವ ವಿದ್ಯಾವತಿಯವರನ್ನು ಕುರ್ಚಿ ಸಮೇತ ಎತ್ತಿ ತಂದರು. ಮಲಕವ್ವ ಅವರನ್ನು ಮಂಚದ ಮೇಲೆ ಮಲಗಿಸಿ, ಕಾಲಿನ ಮೇಲೆ ಸೀರೆ ಸರಿಪಡಿಸಿ ಕೆಳಗಿಳಿದಳು.

"ಹೆಂಗದ?"

ವಿದ್ಯಾವತಿ ಕಣ್ಣು ಮುಚ್ಚಿದರು. ಬಲಗೈ ಮಂಚದ ಅಂಚನ್ನು ಹಿಡಿಯಿತು.

"ಎಡಕ್ಕ ವಾಲೇದ ರೀ."

"ಇಲ್ಲ. ನೋಡಿಲ್ಲೆ, ಗುಳ್ಳಿ ನಟ್ಟ ನಡುವ ಅದ. ಮನ್ಯಾಗ ತಗಡು ಇಟ್ಟಾಗ ಚಲೋ ಅದ ಅಂದಿದ್ಯಲ್ಲ?"

"ನಿಮ್ಮ ಮಾರಿ ನೋಡಿ ಅಂದೆ. ಎಷ್ಟು ದಿನದ ಮ್ಯಾಲೆ ನೀವು ಅವತ್ತು ಎರಡನೇ ಸಲ ಸಾರು ಕೇಳಿದ್ರಿ," ಎಂದರು ಕಣ್ಣು ತೆರೆಯದೆ. "ಮಂಚ ಅವತ್ತೂ ವಾಲೇ ಇತ್ತು."

ರಘೋತ್ತಮರು ರಸಮಟ್ಟವನ್ನು ತಿರುಗಿಸಿ ಇಟ್ಟರು. ಮತ್ತೊಮ್ಮೆ ತಿರುಗಿಸಿದರು. ಗುಳ್ಳೆ ನಡುವೆಯೇ ಇತ್ತು. ಅದನ್ನು ಹೆಂಡತಿಯ ಕಾಲಬಳಿ ಬಿಟ್ಟು ಕೆಳಗಿಳಿದರು. ಎಡಬದಿಯ ಜಾಕಿನ ಮುಂದೆ ಮೊಣಕಾಲೂರಿ ಹಿಡಿಕೆಯನ್ನು ಒತ್ತಿದರು.

"ಈಗ?"

"ಇನ್ನಷ್ಟು."

ಮುಂದಿನದನ್ನು ಒತ್ತಿದರು, ಹಿಂದಿನದನ್ನು ಒತ್ತಿದರು.

"ಸಾಹೇಬ್ರ," ಅಮಸಿದ್ದ ದನಿ ತಗ್ಗಿಸಿದ. "ಈಗ ಡೊಂಕ ಆಗಾಕತ್ತೈತ್ರಿ."

"ಗೊತ್ತದ."

ಅಮಸಿದ್ದ ಎರಡು ಕಲ್ಲು ತಂದು ಬಲಗಡೆಯ ಚಕ್ರಗಳಿಗೆ ಆನಿಸಿದ. ಮಲಕವ್ವ ಒಳಗೆ ಹತ್ತಿ ಮಂಚದ ಬಲಬದಿಗೆ ಕುಳಿತು, ವಿದ್ಯಾವತಿ ಜಾರದಂತೆ ತನ್ನ ಬೆನ್ನು ಕೊಟ್ಟಳು.

"ಈಗ?"

"ಇನ್ನೊಂದಿಷ್ಟು ರೀ."

ಒಳಗೆ ರಸಮಟ್ಟ ಜಾರಿ ಬಿದ್ದ ಸದ್ದಾಯಿತು. ಯಾರೂ ಅದನ್ನು ಎತ್ತಲಿಲ್ಲ. ರಘೋತ್ತಮರು ಹಿಡಿಕೆ ಬಿಡದೆ ತಲೆಯೆತ್ತಿ ನೋಡಿದರು. ಗಾಡಿ ಬಲಕ್ಕೆ ವಾಲಿದಂತೆ ಎಡಗಿಟಕಿಯ ಹಳದಿ ಪರದೆ ಗಾಜನ್ನು ಬಿಟ್ಟು ನಾಲ್ಕು ಬೆರಳಿನಷ್ಟು ಒಳಕ್ಕೆ, ನೆಟ್ಟಗೆ ಇಳಿಬಿದ್ದಿತ್ತು.